ಹೊಸ ವಿಡಿಯೊ ಗೇಮ್: ಈಗಲೇ ಕೊಳ್ಳಬೇಕೆ, ಕಾಯಬೇಕೆ?



ನಮ್ಮ ಸಂವಾದ ಕಾರ್ಯಕ್ರಮದ ಚಿತ್ರೀಕರಣ ಮುಗಿಯಲು ಎರಡೇ ನಿಮಿಷ ಉಳಿದಿದ್ದವು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ವಿದ್ಯಾರ್ಥಿ ಕೈಯೆತ್ತಿದ. ದಾವಣಗೆರೆಯ ಕಡೆಯ ಹುಡುಗ, ಬಿ.ಎಸ್ಸಿ. ಎರಡನೆಯ ವರ್ಷ. ಅವನು ಕೇಳಿದ್ದು ಇಷ್ಟು: "ಸರ್, ಒಂದು ವಿಡಿಯೊ ಗೇಮ್ ತಗೋಬೇಕು ಅಂತ ಎಂಟು ತಿಂಗಳಿಂದ ದುಡ್ಡು ಕೂಡಿಡ್ತಾ ಇದ್ದೆ. ಈಗ ಆ ಗೇಮ್ ಬಂದಿದೆ, ದುಡ್ಡೂ ಇದೆ. ಆದ್ರೆ ತಗೊಳ್ಳೋಕೆ ಮನಸ್ಸು ಬರ್ತಾ ಇಲ್ಲ. ಸ್ನೇಹಿತರು ಜಿಪುಣ ಅಂತ ನಗ್ತಾರೆ. ನಾನು ಮಾಡ್ತಿರೋದು ತಪ್ಪಾ?"

ಸಭೆಯಲ್ಲಿ ನಗೆ ಎದ್ದಿತು. ವೇದಿಕೆಯ ಮೇಲಿದ್ದ ಅತಿಥಿಗಳು ಉತ್ತರಿಸಲು ಆರಂಭಿಸಿದರು. ಅಷ್ಟರಲ್ಲಿ ಗಾಜಿನ ಆಚೆ ಕುಳಿತಿದ್ದ ನಾನೇ ಸಮಯ ಮುಗಿಯಿತೆಂದು ಸನ್ನೆ ಮಾಡಬೇಕಾಯಿತು. ಹುಡುಗ ಪೆಚ್ಚಾಗಿ ಕುಳಿತ. ಆ ಮುಖ ನನ್ನನ್ನು ಕೆಲವು ದಿನ ಬಿಡಲಿಲ್ಲ. ಎಂಟು ತಿಂಗಳ ಉಳಿತಾಯವೆಂದರೆ ಒಬ್ಬ ವಿದ್ಯಾರ್ಥಿಗೆ ಸಣ್ಣ ಮಾತಲ್ಲ. ಅಲ್ಲದೆ ಅವನ ಪ್ರಶ್ನೆಯಲ್ಲಿ ಸ್ವಲ್ಪ ವಿಜ್ಞಾನ, ಸ್ವಲ್ಪ ಅರ್ಥಶಾಸ್ತ್ರ, ಸ್ವಲ್ಪ ಮನುಷ್ಯ ಸ್ವಭಾವ ಎಲ್ಲವೂ ಬೆರೆತಿವೆ. ಪರದೆಯ ಮೇಲೆ ಕೊಡಲಾಗದ ಉತ್ತರವನ್ನು ಈ ಪುಟಗಳಲ್ಲಿ ಕೊಡಲು ಪ್ರಯತ್ನಿಸುತ್ತೇನೆ.

ಮೊದಲು ಒಂದು ಮಾತು. ಹೊಸ ಆಟ ಬಂದರೂ ಕೊಳ್ಳದೆ ಕಾಯುವವರು ಜಗತ್ತಿನಾದ್ಯಂತ ಇದ್ದಾರೆ. ಅವರಲ್ಲಿ ಹಣವಿಲ್ಲದವರೂ ಇದ್ದಾರೆ, ಹಣವಿದ್ದವರೂ ಇದ್ದಾರೆ. ಆಟದ ಮೇಲೆ ಪ್ರೀತಿ ಇಲ್ಲದವರಂತೂ ಅಲ್ಲ. ಹಾಗಾದರೆ ಅವರು ಕಾಯುವುದೇಕೆ? ಒಂದು ನಿಜವಾದ ಉದಾಹರಣೆಯಿಂದ ಆರಂಭಿಸೋಣ.

ಒಂದು ಆಟದ ಕಥೆ

ಪೋಲೆಂಡ್ ದೇಶದ ವಾರ್ಸಾ ನಗರದಲ್ಲಿ ಸಿಡಿ ಪ್ರೊಜೆಕ್ಟ್ ರೆಡ್ ಎಂಬ ಸಂಸ್ಥೆಯಿದೆ. 2015ರಲ್ಲಿ ಅದು ಹೊರತಂದ 'ದಿ ವಿಚರ್ 3' ಎಂಬ ಆಟ ಅಪಾರ ಮೆಚ್ಚುಗೆ ಗಳಿಸಿತ್ತು. ಅದೇ ಸಂಸ್ಥೆ 2012ರಲ್ಲಿ 'ಸೈಬರ್‌ಪಂಕ್ 2077' ಎಂಬ ಮತ್ತೊಂದು ಆಟವನ್ನು ಘೋಷಿಸಿತು. ಮುಂದಿನ ಕಾಲದ ಒಂದು ಮಹಾನಗರ, ಅಲ್ಲಿನ ಬೀದಿಗಳಲ್ಲಿ ಸ್ವತಂತ್ರವಾಗಿ ಓಡಾಡುವ ಅವಕಾಶ, ಹಾಲಿವುಡ್ ನಟ ಕೀಯಾನು ರೀವ್ಸ್ ಅವರ ಪಾತ್ರ. ಆಟಗಾರರು ವರ್ಷಗಟ್ಟಲೆ ಕಾದರು.

ಆಟ 2020ರ ಏಪ್ರಿಲ್ 16ರಂದು ಬರಬೇಕಿತ್ತು. ಅದು ಸೆಪ್ಟೆಂಬರ್ 17ಕ್ಕೆ ಹೋಯಿತು. ಅಲ್ಲಿಂದ ನವೆಂಬರ್ 19ಕ್ಕೆ, ಅಲ್ಲಿಂದ ಡಿಸೆಂಬರ್ 10ಕ್ಕೆ. ಕೊನೆಗೂ ಬಂದಾಗ ಸುಮಾರು 80 ಲಕ್ಷ ಜನ ಅದನ್ನು ಮುಂಗಡವಾಗಿಯೇ ಕಾದಿರಿಸಿದ್ದರು. ಅಂದರೆ ಆಡಿ ನೋಡುವ ಮೊದಲೇ, ಆಡಿದವರ ಮಾತು ಕೇಳುವ ಮೊದಲೇ ಹಣ ಕೊಡಲು ಒಪ್ಪಿದ್ದರು.

ಪ್ರಬಲವಾದ ಕಂಪ್ಯೂಟರ್ ಇದ್ದವರಿಗೆ ಆಟ ಒಂದು ಮಟ್ಟಿಗೆ ಚೆನ್ನಾಗಿಯೇ ನಡೆಯಿತು. ಆದರೆ 2013ರಲ್ಲಿ ಬಂದಿದ್ದ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎಂಬ ಹಳೆಯ ಯಂತ್ರಗಳಲ್ಲಿ ಆಡಿದವರ ಪಾಡು ಬೇರೆಯಾಯಿತು. ಚಿತ್ರ ತಡವರಿಸುತ್ತಿತ್ತು, ಗೋಡೆಗಳು ಮಸುಕಾಗಿ ಕಾಣುತ್ತಿದ್ದವು, ಆಟ ನಡುವೆಯೇ ನಿಂತುಹೋಗುತ್ತಿತ್ತು. ನಾಲ್ಕೇ ದಿನಗಳಲ್ಲಿ ಸಂಸ್ಥೆ ಕ್ಷಮೆ ಕೇಳಿತು. ಒಂದು ವಾರದಲ್ಲಿ ಸೋನಿ ಕಂಪನಿ ತನ್ನ ಅಂತರ್ಜಾಲ ಮಳಿಗೆಯಿಂದ ಆ ಆಟವನ್ನೇ ತೆಗೆದುಹಾಕಿ, ಕೊಂಡವರಿಗೆ ಹಣ ವಾಪಸು ಕೊಡುವುದಾಗಿ ಹೇಳಿತು. ಆರು ತಿಂಗಳ ನಂತರ, 2021ರ ಜೂನ್ 21ರಂದು ಆಟ ಮತ್ತೆ ಆ ಮಳಿಗೆಗೆ ಬಂತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಂಸ್ಥೆ ಆಟವನ್ನು ಸರಿಪಡಿಸುತ್ತಲೇ ಹೋಯಿತು. 2022ರ ಫೆಬ್ರುವರಿಯಲ್ಲಿ ದೊಡ್ಡ ಸುಧಾರಣೆ ಬಂತು. 2023ರ ಸೆಪ್ಟೆಂಬರಿನಲ್ಲಿ ಆಟದ ಹಲವು ಮೂಲ ವ್ಯವಸ್ಥೆಗಳನ್ನೇ ಬದಲಿಸಿದ 2.0 ಆವೃತ್ತಿ ಬಂತು, ಜೊತೆಗೆ 'ಫ್ಯಾಂಟಮ್ ಲಿಬರ್ಟಿ' ಎಂಬ ಹೊಸ ಕಥಾಭಾಗವೂ ಬಂತು. ಮೊದಲು ಬೈದವರೇ ಈಗ ಹೊಗಳಿದರು. ಅಷ್ಟು ಹೊತ್ತಿಗೆ 60 ಡಾಲರಿನ ಆಟ ರಿಯಾಯಿತಿ ಮಾರಾಟಗಳಲ್ಲಿ 30 ಡಾಲರಿಗೆ ಸಿಗುತ್ತಿತ್ತು.

ಈಗ ಲೆಕ್ಕ ಹಾಕಿ. ಮೊದಲ ದಿನ ಕೊಂಡವರು ಪೂರ್ತಿ ಬೆಲೆ ಕೊಟ್ಟು ಅರೆಬೆಂದ ಆಟ ಪಡೆದರು. ಮೂರು ವರ್ಷ ಕಾದವರು ಅರ್ಧ ಬೆಲೆ ಕೊಟ್ಟು ಪೂರ್ತಿ ಬೆಂದ ಆಟ ಪಡೆದರು. ಬೇರೆ ಯಾವ ಸರಕಿನಲ್ಲಿ ಹೀಗಾಗುತ್ತದೆ ಹೇಳಿ? ತರಕಾರಿ ದಿನ ಕಳೆದಂತೆ ಬಾಡುತ್ತದೆ, ಅದಕ್ಕೇ ಬೆಲೆ ಇಳಿಯುತ್ತದೆ. ಇಲ್ಲಿ ಸರಕು ದಿನ ಕಳೆದಂತೆ ಉತ್ತಮವಾಗುತ್ತದೆ, ಆದರೂ ಬೆಲೆ ಇಳಿಯುತ್ತದೆ. ಕಾಯುವವರ ಮನಸ್ಸಿನಲ್ಲಿರುವ ಮೊದಲ ಲೆಕ್ಕ ಇದು.

ಟೇಪು ಮತ್ತು ತೇಪೆ

ಅಪೂರ್ಣವಾದ ಆಟವನ್ನು ಮಾರುಕಟ್ಟೆಗೆ ಬಿಡುವುದೇಕೆ ಎಂದು ನೀವು ಕೇಳಬಹುದು. ಇದಕ್ಕೆ ನನ್ನ ವೃತ್ತಿಯಿಂದಲೇ ಒಂದು ಹೋಲಿಕೆ ಕೊಡುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾರ್ಯಕ್ರಮಗಳು ಟೇಪಿನಲ್ಲಿರುತ್ತಿದ್ದವು. ಸಂಕಲನ ಮುಗಿಸಿ, ಪ್ರಸಾರದ ವಿಭಾಗಕ್ಕೆ ಟೇಪನ್ನು ಒಪ್ಪಿಸಿ ಸಹಿ ಮಾಡಿದರೆ ನಮ್ಮ ಕೆಲಸ ಮುಗಿಯಿತು. ಒಮ್ಮೆ ಅತಿಥಿಯೊಬ್ಬರ ಹೆಸರನ್ನು ನಾನು ತಪ್ಪಾಗಿ ಬರೆಸಿದ್ದೆ. ಅದು ನನಗೆ ತಿಳಿದದ್ದು ಮನೆಯಲ್ಲಿ ಕುಳಿತು ಪ್ರಸಾರ ನೋಡುವಾಗ. ಲಕ್ಷಾಂತರ ಜನ ನೋಡಿಯಾಗಿತ್ತು, ಮಾಡುವಂಥದ್ದು ಏನೂ ಇರಲಿಲ್ಲ. ಆ ಭಯದಿಂದಲೇ ನಾವು ಪ್ರತಿ ಟೇಪನ್ನೂ ಮೂರು ಮೂರು ಸಲ ನೋಡುತ್ತಿದ್ದೆವು.

ಹಿಂದಿನ ವಿಡಿಯೊ ಗೇಮ್‌ಗಳೂ ಹೀಗೆಯೇ ಇದ್ದವು. ಆಟವನ್ನು ಕಾರ್ಟ್ರಿಜ್ ಎಂಬ ಪ್ಲಾಸ್ಟಿಕ್ ಡಬ್ಬಿಯೊಳಗಿನ ಚಿಪ್‌ನಲ್ಲಿ ಅಚ್ಚು ಮಾಡಿ ಮಾರುತ್ತಿದ್ದರು. ಒಮ್ಮೆ ಅಂಗಡಿ ಸೇರಿದ ಡಬ್ಬಿಯಲ್ಲಿನ ತಪ್ಪು ಶಾಶ್ವತ. ಹಾಗೆಂದು ಆಗಿನ ಆಟಗಳೆಲ್ಲ ಚೆನ್ನಾಗಿದ್ದವು ಎಂದು ಭಾವಿಸಬೇಡಿ. 1982ರ ಕೊನೆಯಲ್ಲಿ ಅಟಾರಿ ಕಂಪನಿ 'ಇ.ಟಿ.' ಚಲನಚಿತ್ರವನ್ನು ಆಧರಿಸಿದ ಆಟವನ್ನು ಹಬ್ಬದ ಮಾರಾಟಕ್ಕೆಂದು ಸುಮಾರು ಐದು ವಾರಗಳಲ್ಲಿ ಮಾಡಿಸಿತು. ಲಕ್ಷಗಟ್ಟಲೆ ಡಬ್ಬಿಗಳು ಮಾರಾಟವಾಗದೆ ಉಳಿದವು. 1983ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಅಲಮೊಗೋರ್ಡೊ ಎಂಬಲ್ಲಿ ಕಂಪನಿಯ ಉಳಿದ ಸರಕನ್ನು ಗುಂಡಿಯಲ್ಲಿ ಹೂಳಲಾಯಿತು. 2014ರಲ್ಲಿ ಅಲ್ಲಿ ಅಗೆದಾಗ ಆ ಡಬ್ಬಿಗಳು ಮತ್ತೆ ಸಿಕ್ಕಿದವು. ಕಳಪೆ ಆಟಗಳ ಹಾವಳಿಯಿಂದ ಬೇಸತ್ತ ಜನ ಆಗ ಕೊಳ್ಳುವುದನ್ನೇ ಕಡಿಮೆ ಮಾಡಿದರು. ಅಮೆರಿಕದಲ್ಲಿ ಇಡೀ ಉದ್ಯಮವೇ ಕುಸಿಯಿತು.

ಅಂತರ್ಜಾಲ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಆಟ ಮಾರಾಟವಾದ ಮೇಲೂ ಅದರ ದೋಷವನ್ನು ದೂರದಿಂದಲೇ ತಿದ್ದಬಹುದು. ಈ ತಿದ್ದುಪಡಿಗೆ ಪ್ಯಾಚ್ ಎಂದು ಹೆಸರು. ನಮ್ಮ ಮಾತಿನಲ್ಲಿ ತೇಪೆ. ಹರಿದ ಬಟ್ಟೆಗೆ ಹಾಕುವ ತೇಪೆ ಕಾಣುತ್ತದೆ, ಈ ತೇಪೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಇದು ಒಳ್ಳೆಯ ಸೌಲಭ್ಯವೇ. ಆದರೆ ಸೌಲಭ್ಯದ ಜೊತೆಗೆ ಸಡಿಲಿಕೆಯೂ ಬಂತು. "ನಂತರ ತಿದ್ದಿದರಾಯಿತು" ಎಂಬ ಮಾತು ಸಾಧ್ಯವಾಯಿತು. ಸೈಬರ್‌ಪಂಕ್ ಆಟ ಸಿದ್ಧವಾಗಿದೆ, ಮುದ್ರಣಕ್ಕೆ ಹೋಗುತ್ತಿದೆ ಎಂದು ಸಂಸ್ಥೆ 2020ರ ಅಕ್ಟೋಬರ್ 5ರಂದು ಸಾರಿತ್ತು. ಅದೇ ತಿಂಗಳ 27ರಂದು ಮತ್ತೆ ಮೂರು ವಾರ ಮುಂದೂಡಿತು. ತಟ್ಟೆಗೆ ಅಚ್ಚಾದದ್ದು ಒಂದು, ಆಡುವ ಹೊತ್ತಿಗೆ ಆಟಗಾರ ಇಳಿಸಿಕೊಳ್ಳಬೇಕಾದ ತೇಪೆ ಇನ್ನೊಂದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬಿಡುಗಡೆಯ ದಿನಾಂಕಕ್ಕೆ ತನ್ನದೇ ಒತ್ತಡವಿರುತ್ತದೆ. ಜಾಹೀರಾತಿಗೆ ಹಣ ಸುರಿದಿರುತ್ತಾರೆ. ಷೇರುದಾರರಿಗೆ ಮಾತು ಕೊಟ್ಟಿರುತ್ತಾರೆ. ಕ್ರಿಸ್ಮಸ್ ಮಾರಾಟ ವರ್ಷಕ್ಕೊಮ್ಮೆ ಮಾತ್ರ ಬರುತ್ತದೆ. ಇವೆಲ್ಲದರ ನಡುವೆ ಪರೀಕ್ಷೆಗೆ ಇಡಬೇಕಾದ ಸಮಯ ಕಡಿಮೆಯಾದರೆ, ಆ ಪರೀಕ್ಷೆಯ ಕೆಲಸ ಮೊದಲು ಕೊಂಡವರ ತಲೆಯ ಮೇಲೆ ಬೀಳುತ್ತದೆ. ಅದೂ ಸಂಬಳವಿಲ್ಲದೆ, ಕೈಯಿಂದ ಹಣ ಕೊಟ್ಟು!

ಯಂತ್ರದ ಮಿತಿ

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದೇ ಆಟ ಒಂದು ಯಂತ್ರದಲ್ಲಿ ಸರಾಗವಾಗಿ, ಇನ್ನೊಂದರಲ್ಲಿ ಕುಂಟುತ್ತ ನಡೆಯುವುದೇಕೆ?

ಟೆಲಿವಿಷನ್ನಿನಲ್ಲಿ ನಾವು ಸೆಕೆಂಡಿಗೆ 25 ಚಿತ್ರಗಳನ್ನು ತೋರಿಸುತ್ತೇವೆ. ಅಂದರೆ ಒಂದು ಚಿತ್ರಕ್ಕೆ 40 ಮಿಲಿಸೆಕೆಂಡು. ಆ ಚಿತ್ರಗಳು ಮೊದಲೇ ಸಿದ್ಧವಾಗಿರುತ್ತವೆ. ಆಟದಲ್ಲಿ ಹಾಗಲ್ಲ. ನೀವು ಎಡಕ್ಕೆ ತಿರುಗುತ್ತೀರೋ ಬಲಕ್ಕೋ ಯಾರಿಗೂ ಗೊತ್ತಿಲ್ಲ, ಆದ್ದರಿಂದ ಪ್ರತಿ ಚಿತ್ರವನ್ನೂ ಯಂತ್ರ ಆ ಕ್ಷಣದಲ್ಲೇ ರಚಿಸಬೇಕು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡು ಮಾತ್ರ. ಅಷ್ಟರಲ್ಲಿ ಬೆಳಕು, ನೆರಳು, ಚಲನೆ ಎಲ್ಲದರ ಗಣಿತ ಮುಗಿಯಬೇಕು. ಮುಗಿಯದಿದ್ದರೆ ಚಿತ್ರ ತಡವಾಗುತ್ತದೆ, ಕಣ್ಣಿಗೆ ಅದು ಮುಗ್ಗರಿಸಿದಂತೆ ಕಾಣುತ್ತದೆ.

ಇನ್ನೊಂದು ಅಡಚಣೆಯೂ ಇದೆ. ದೊಡ್ಡ ನಗರದ ಎಲ್ಲ ಕಟ್ಟಡಗಳೂ ಒಮ್ಮೆಗೇ ಯಂತ್ರದ ನೆನಪಿನಲ್ಲಿ ಹಿಡಿಸುವುದಿಲ್ಲ. ನೀವು ಕಾರಿನಲ್ಲಿ ಸಾಗಿದಂತೆ ಮುಂದಿನ ಬೀದಿಯ ವಿವರಗಳನ್ನು ಡಿಸ್ಕಿನಿಂದ ತಂದುಕೊಳ್ಳುತ್ತಿರಬೇಕು. ಹಳೆಯ ಯಂತ್ರಗಳಲ್ಲಿದ್ದದ್ದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್. ಅದರ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯಲು ಸುಮಾರು 10 ಮಿಲಿಸೆಕೆಂಡು ಬೇಕು. ಹೊಸ ಯಂತ್ರಗಳಲ್ಲಿರುವ ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ, ಆದ್ದರಿಂದ ಅದು ಬಹಳ ವೇಗ. ಸೈಬರ್‌ಪಂಕ್ ಹಳೆಯ ಯಂತ್ರಗಳಲ್ಲಿ ಎಡವಿದ್ದಕ್ಕೆ ಇದೇ ಮುಖ್ಯ ಕಾರಣ ಎಂದು ಸಂಸ್ಥೆಯ ಸಹಸಂಸ್ಥಾಪಕ ಮಾರ್ಚಿನ್ ಇವಿನ್‌ಸ್ಕಿ 2021ರ ಜನವರಿಯಲ್ಲಿ ವಿವರಿಸಿದರು. ಕೆಲಸದ ಕಷ್ಟವನ್ನು ತಾವು ಕಡಿಮೆ ಅಂದಾಜು ಮಾಡಿದೆವು ಎಂದು ಅವರು ಒಪ್ಪಿಕೊಂಡರು.

ಕಂಪ್ಯೂಟರಿನಲ್ಲಿ ಆಡುವವರಿಗೆ ಬೇರೆ ತೊಡಕು. ಪ್ಲೇಸ್ಟೇಷನ್ 5 ಎಂದರೆ ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ ಯಂತ್ರ. ಕಂಪ್ಯೂಟರಾದರೋ ಮನೆಗೊಂದು ಬಗೆ. ಅಷ್ಟೂ ಬಗೆಗಳಲ್ಲಿ ಮೊದಲೇ ಪರೀಕ್ಷಿಸುವುದು ಯಾರಿಗೂ ಸಾಧ್ಯವಿಲ್ಲ. 2023ರ ಮಾರ್ಚಿಯಲ್ಲಿ 'ದಿ ಲಾಸ್ಟ್ ಆಫ್ ಅಸ್' ಆಟದ ಮೊದಲ ಭಾಗ ಕಂಪ್ಯೂಟರಿಗೆ ಬಂದಾಗ ಇದೇ ಆಯಿತು. ಪ್ಲೇಸ್ಟೇಷನ್ನಿನಲ್ಲಿ ಮೆಚ್ಚುಗೆ ಗಳಿಸಿದ್ದ ಆಟ ಇಲ್ಲಿ ದೂರುಗಳ ಸುರಿಮಳೆಗೆ ಸಿಕ್ಕಿತು. ಒಂದರ ಮೇಲೊಂದು ತೇಪೆ ಬಂದ ಮೇಲೆ ಸುಧಾರಿಸಿತು.

ನಮ್ಮ ವಿದ್ಯಾರ್ಥಿಗಳಿಗೆ ಮೂರನೆಯ ತೊಡಕೂ ಇದೆ. ಸೈಬರ್‌ಪಂಕ್‌ನಂಥ ಆಟಕ್ಕೆ 70 ಗಿಗಾಬೈಟಿನಷ್ಟು ಜಾಗ ಬೇಕು. ಮೊಬೈಲಿನಲ್ಲಿ ದಿನಕ್ಕೆ ಒಂದೂವರೆ ಗಿಗಾಬೈಟ್ ಸಿಗುವ ಯೋಜನೆಯನ್ನೇ ನಂಬಿ, ಅಷ್ಟೇ ಗಾತ್ರದ ಆಟವನ್ನು ಇಳಿಸಿಕೊಳ್ಳಲು ಹೊರಟರೆ 47 ದಿನ ಬೇಕಾಗುತ್ತದೆ! ಆಟದ ಬೆಲೆ ನೋಡುವಾಗ ಯಂತ್ರದ ಬೆಲೆ, ಅಂತರ್ಜಾಲದ ಬೆಲೆ ಎರಡನ್ನೂ ಕೂಡಿಸಿ ನೋಡಬೇಕು.

ತಿಳಿದವರು ಮತ್ತು ತಿಳಿಯದವರು

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರಾಟದ ಬಗ್ಗೆ ಒಂದು ಪ್ರಬಂಧ ಬರೆದರು. ಅದರ ಸಾರ ಸರಳ: ಮಾರುವವನಿಗೆ ಕಾರಿನ ಗುಣದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದ ಕಾರಣ ಕೊಳ್ಳುವವನು ಅನುಮಾನದಿಂದಲೇ ಬೆಲೆ ಕಟ್ಟುತ್ತಾನೆ. ಇದರಿಂದ ಒಳ್ಳೆಯ ಕಾರು ಮಾರುವವನಿಗೂ ನಷ್ಟವಾಗುತ್ತದೆ. ಈ ಚಿಂತನೆಗೆ 2001ರಲ್ಲಿ ಅವರು ಇತರ ಇಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದರು.

ಹೊಸ ಆಟದ ಮೊದಲ ದಿನವೂ ಹೀಗೆಯೇ. ಒಳಗೇನಿದೆ ಎಂದು ತಯಾರಕರಿಗೆ ಗೊತ್ತು. ನಮಗೆ ಗೊತ್ತಿರುವುದು ಜಾಹೀರಾತು ಮಾತ್ರ. ನಡುವೆ ಸೇತುವೆಯಾಗಬೇಕಾದವರು ವಿಮರ್ಶಕರು. ಸೈಬರ್‌ಪಂಕ್ ಬಿಡುಗಡೆಗೆ ಮೊದಲು ವಿಮರ್ಶಕರಿಗೆ ಸಿಕ್ಕಿದ್ದು ಕಂಪ್ಯೂಟರಿನ ಆವೃತ್ತಿ. ಅವರು ನೋಡಿದ್ದನ್ನು ಹೊಗಳಿದರು. ಹಳೆಯ ಯಂತ್ರಗಳ ಆವೃತ್ತಿ ಬಿಡುಗಡೆಯ ಹೊಸ್ತಿಲಲ್ಲಿ ಮಾತ್ರ ಕೈಸೇರಿತು. ಹೀಗಾಗಿ ಹಳೆಯ ಯಂತ್ರದವರು ಓದಿದ ವಿಮರ್ಶೆ ಅವರು ಕೊಂಡ ಸರಕಿನದ್ದೇ ಆಗಿರಲಿಲ್ಲ.

ಇಂಥ ಅನುಭವಗಳಿಂದ ಪಾಠ ಕಲಿತವರು ಒಂದು ವಾರವೋ ಒಂದು ತಿಂಗಳೋ ಕಾಯುತ್ತಾರೆ. ಅಷ್ಟರಲ್ಲಿ ತಮ್ಮಂಥದ್ದೇ ಯಂತ್ರ ಇರುವ ಸಾಮಾನ್ಯ ಆಟಗಾರರ ಮಾತು ಹೊರಬರುತ್ತದೆ. ಇದು ಪುಕ್ಕಲುತನವಲ್ಲ. ಪ್ರಯೋಗಾಲಯದಲ್ಲಿ ಒಂದೇ ಅಳತೆಯನ್ನು ನಂಬದೆ ಹಲವು ಅಳತೆ ತೆಗೆದು ಸರಾಸರಿ ನೋಡುತ್ತೀರಲ್ಲ, ಅದೇ ಪದ್ಧತಿ.

ಮತ್ತೊಂದು ಅನುಮಾನವೂ ಕಾಯುವಂತೆ ಮಾಡುತ್ತದೆ. ಕೊಟ್ಟ ಬೆಲೆಯೇ ಕೊನೆಯ ಬೆಲೆಯೇ? 2017ರ ನವೆಂಬರಿನಲ್ಲಿ ಬಂದ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಆಟದಲ್ಲಿ, ಒಳಗೇನಿದೆ ಎಂದು ತಿಳಿಯದ ಪೆಟ್ಟಿಗೆಗಳನ್ನು ಹಣ ಕೊಟ್ಟು ತೆರೆಯುವ ಏರ್ಪಾಡಿತ್ತು. ಪೂರ್ತಿ ಬೆಲೆ ಕೊಟ್ಟವರು ಮತ್ತೆ ಲಾಟರಿ ಆಡಬೇಕೆ ಎಂದು ಆಟಗಾರರು ಸಿಟ್ಟಾದರು. ಬಿಡುಗಡೆಯ ಹೊತ್ತಿಗೆ ಕಂಪನಿ ಆ ಮಾರಾಟವನ್ನು ನಿಲ್ಲಿಸಬೇಕಾಯಿತು. ಮರುವರ್ಷ ಬೆಲ್ಜಿಯಂ ದೇಶ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು.

ಮಾವಿನ ಹಣ್ಣಿನ ಲೆಕ್ಕ

ಮಾರ್ಚಿಯಲ್ಲಿ ಮಾರುಕಟ್ಟೆಗೆ ಬರುವ ಮೊದಲ ಬಾದಾಮಿ ಮಾವಿನ ಬೆಲೆ ಕೇಳಿದ್ದೀರಾ? ಕೈ ಸುಡುತ್ತದೆ. ಮೇ ತಿಂಗಳಲ್ಲಿ ಅದೇ ಹಣ್ಣು ಅರ್ಧ ಬೆಲೆಗೆ, ಹೆಚ್ಚು ಸಿಹಿಯಾಗಿ ಸಿಗುತ್ತದೆ. ಮೊದಲ ಹಣ್ಣು ತಿನ್ನಲೇಬೇಕು ಎನ್ನುವವರು ಮಾರ್ಚಿಯಲ್ಲಿ ಕೊಳ್ಳುತ್ತಾರೆ, ಉಳಿದವರು ಕಾಯುತ್ತಾರೆ. ವ್ಯಾಪಾರಿಗೆ ಇಬ್ಬರೂ ಬೇಕು.

ಮಾವಿನ ಬೆಲೆ ಇಳಿಯುವುದು ಫಸಲು ಹೆಚ್ಚುವುದರಿಂದ. ಆಟಕ್ಕೆ ಫಸಲಿನ ಮಾತೇ ಇಲ್ಲ. ಒಂದು ಪ್ರತಿಯನ್ನು ಸಾವಿರ ಮಾಡಲು ಹೆಚ್ಚು ಖರ್ಚಿಲ್ಲ. ಇಲ್ಲಿ ಬೆಲೆ ಇಳಿಸುವುದು ಬೇರೆ ಬೇರೆ ಜೇಬಿನವರನ್ನು ಒಬ್ಬೊಬ್ಬರಾಗಿ ತಲುಪಲು. ಅತ್ಯಂತ ಆಸೆಯಿರುವವರಿಂದ ಮೊದಲು ಪೂರ್ತಿ ಬೆಲೆ, ನಂತರ ಉಳಿದವರಿಂದ ಕಡಿಮೆ ಬೆಲೆ.

ಇದರಲ್ಲಿ ಒಂದು ಸ್ವಾರಸ್ಯವಿದೆ. 1972ರಲ್ಲಿ ರೊನಾಲ್ಡ್ ಕೋಸ್ ಎಂಬ ಅರ್ಥಶಾಸ್ತ್ರಜ್ಞ ಬಾಳಿಕೆ ಬರುವ ವಸ್ತುಗಳ ಬಗ್ಗೆ ಹೀಗೆ ವಾದಿಸಿದರು: ಮುಂದೆ ಬೆಲೆ ಇಳಿಯುತ್ತದೆ ಎಂದು ಜನರಿಗೆ ಖಚಿತವಾದರೆ ಅವರು ಈಗ ಕೊಳ್ಳುವುದಿಲ್ಲ. ಆಗ ಮಾರುವವನಿಗೆ ಎದುರಾಳಿ ವ್ಯಾಪಾರಿ ಇಲ್ಲದಿದ್ದರೂ, ಅವನ ನಾಳೆಯ ಬೆಲೆಯೇ ಅವನ ಇಂದಿನ ಬೆಲೆಗೆ ಎದುರಾಳಿಯಾಗುತ್ತದೆ. ಆಟದ ಮಳಿಗೆಗಳು ವರ್ಷಕ್ಕೆ ಹಲವು ಬಾರಿ ರಿಯಾಯಿತಿ ಕೊಟ್ಟೂ ಕೊಟ್ಟೂ ಆಟಗಾರರಿಗೆ ಕಾಯುವ ಅಭ್ಯಾಸವನ್ನು ತಾವೇ ಕಲಿಸಿವೆ.

ಕೆಲವು ಕಂಪನಿಗಳು ಇದನ್ನು ಅರಿತಿವೆ. ಜಪಾನಿನ ನಿಂಟೆಂಡೊ ತನ್ನ ಮುಖ್ಯ ಆಟಗಳ ಬೆಲೆಯನ್ನು ಸುಲಭಕ್ಕೆ ಇಳಿಸುವುದಿಲ್ಲ. 2017ರಲ್ಲಿ ಬಂದ ಅದರ 'ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್' ಎಷ್ಟೋ ವರ್ಷಗಳ ನಂತರವೂ ಹೆಚ್ಚುಕಡಿಮೆ ಮೊದಲಿನ ಬೆಲೆಯಲ್ಲೇ ಮಾರಾಟವಾಗುತ್ತಿತ್ತು. ಅಂಥ ಕಡೆ ಬೆಲೆಗಾಗಿ ಕಾಯುವುದು ಮಳೆಯಿಲ್ಲದ ಮೋಡಕ್ಕೆ ಕಾದಂತೆ.

ಕಾಯುವವರ ಇನ್ನೊಂದು ಗುರಿ ಸಂಪೂರ್ಣ ಆವೃತ್ತಿ. ವಿಚರ್ 3 ಬಂದದ್ದು 2015ರ ಮೇಯಲ್ಲಿ. ಅದರ ಎರಡು ದೊಡ್ಡ ಕಥಾಭಾಗಗಳು 2015ರ ಅಕ್ಟೋಬರಿನಲ್ಲಿ ಒಂದು, 2016ರ ಮೇಯಲ್ಲಿ ಇನ್ನೊಂದು ಬಂದವು. 2016ರ ಆಗಸ್ಟಿನಲ್ಲಿ ಎಲ್ಲವೂ ಸೇರಿದ ಒಂದೇ ಕಟ್ಟು ಮಾರಾಟಕ್ಕೆ ಬಂತು. ಧಾರಾವಾಹಿಯನ್ನು ವಾರವಾರ ಓದುವವರೂ ಇದ್ದಾರೆ, ಪುಸ್ತಕವಾಗಲಿ ಎಂದು ಕಾಯುವವರೂ ಇದ್ದಾರೆ. ಅವರವರ ರುಚಿ.

ಬೇರೆ ಯಂತ್ರಕ್ಕಾಗಿ ಕಾಯುವವರೂ ಇದ್ದಾರೆ. 'ಗ್ರ್ಯಾಂಡ್ ಥೆಫ್ಟ್ ಆಟೊ 5' ಆಗಿನ ಕನ್ಸೋಲ್‌ಗಳಿಗೆ 2013ರ ಸೆಪ್ಟೆಂಬರಿನಲ್ಲಿ ಬಂತು. ಮುಂದಿನ ಪೀಳಿಗೆಯ ಯಂತ್ರಗಳಿಗೆ 2014ರ ನವೆಂಬರಿನಲ್ಲಿ, ಕಂಪ್ಯೂಟರಿಗೆ 2015ರ ಏಪ್ರಿಲ್‌ನಲ್ಲಿ ಬಂತು. ತಾಳ್ಮೆಯಿಲ್ಲದೆ ಒಂದೇ ಆಟವನ್ನು ಎರಡು ಸಲ ಕೊಂಡವರು ಎಷ್ಟೋ ಜನ.

ಕಾಯುವುದರಲ್ಲೂ ನಷ್ಟವಿದೆ

ಇಷ್ಟು ಓದಿದ ಮೇಲೆ ಕಾಯುವುದೇ ಯಾವಾಗಲೂ ಜಾಣತನ ಎಂದು ನೀವು ತೀರ್ಮಾನಿಸಿದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ಇನ್ನರ್ಧವನ್ನೂ ನೋಡೋಣ.

ಒಬ್ಬರೇ ಆಡುವ ಕಥೆಯ ಆಟ ಎಲ್ಲಿಯೂ ಓಡಿಹೋಗುವುದಿಲ್ಲ. ಆದರೆ ಹಲವರು ಕೂಡಿ ಆಡುವ ಆಟ ಜಾತ್ರೆಯಿದ್ದಂತೆ. ಜನ ಇದ್ದರೆ ಜಾತ್ರೆ, ಇಲ್ಲದಿದ್ದರೆ ಖಾಲಿ ಮೈದಾನ. ಸೋನಿ ಕಂಪನಿಯ 'ಕಾನ್‌ಕಾರ್ಡ್' ಎಂಬ ಆಟ 2024ರ ಆಗಸ್ಟ್ 23ರಂದು ಬಂತು. ಆಡಲು ಸಾಕಷ್ಟು ಜನ ಸೇರಲಿಲ್ಲ. ಸೆಪ್ಟೆಂಬರ್ 6ರಂದು, ಅಂದರೆ ಎರಡೇ ವಾರದಲ್ಲಿ ಅದನ್ನು ಮುಚ್ಚಿ, ಕೊಂಡವರ ಹಣ ಹಿಂದಿರುಗಿಸಲಾಯಿತು. 'ನೋಡೋಣ, ಆಮೇಲೆ ಕೊಂಡರಾಯಿತು' ಎಂದು ಎಲ್ಲರೂ ಕಾದರೆ ಇಂಥ ಆಟ ಬದುಕುವುದೇ ಇಲ್ಲ. ಅದು ಬದುಕುವುದಿಲ್ಲ ಎಂಬ ಅನುಮಾನದಿಂದಲೇ ಎಲ್ಲರೂ ಕಾಯುತ್ತಾರೆ. ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬಂಥ ಸಮಸ್ಯೆ.

ಕಂಪನಿಯ ಸರ್ವರ್ ನಂಬಿದ ಆಟಗಳಿಗೆ ಆಯಸ್ಸೂ ಇದೆ. 2014ರ ಡಿಸೆಂಬರಿನಲ್ಲಿ ಬಂದ 'ದಿ ಕ್ರೂ' ಎಂಬ ಕಾರು ಪಂದ್ಯದ ಆಟದ ಸರ್ವರ್‌ಗಳನ್ನು ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ಅಂದಿನಿಂದ ಹಣ ಕೊಟ್ಟು ಕೊಂಡವರೂ ಅದನ್ನು ಆಡುವಂತಿರಲಿಲ್ಲ. ಕೊಂಡ ವಸ್ತು ನಮ್ಮದೇ ಹೌದೇ ಎಂಬ ಪ್ರಶ್ನೆ ಎದ್ದು, ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ ಚಳವಳಿಯೇ ನಡೆಯಿತು.

ಕಾಯುವುದರಿಂದ ಎಲ್ಲರಿಗೂ ಲಾಭವಾಗುತ್ತದೆ ಎಂದೂ ಹೇಳಲಾಗದು. ಸೈಬರ್‌ಪಂಕ್‌ನ 2.0 ಸುಧಾರಣೆ, ಫ್ಯಾಂಟಮ್ ಲಿಬರ್ಟಿ ಎರಡೂ ಹೊಸ ಯಂತ್ರಗಳಿಗೆ ಮತ್ತು ಕಂಪ್ಯೂಟರಿಗೆ ಬಂದವು. ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಇಟ್ಟುಕೊಂಡವರಿಗೆ ಬರಲೇ ಇಲ್ಲ. ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟವರಿಗೇ ಕೊನೆಯ ಫಲ ಸಿಗಲಿಲ್ಲ.

ಗೆಳೆಯರ ಜೊತೆಗಿನ ಸಂತೋಷವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೆಚ್ಚಿನ ನಟನ ಚಿತ್ರವನ್ನು ಮೊದಲ ದಿನ, ಮೊದಲ ಆಟವೇ ನೋಡಬೇಕೆಂದು ಬೆಳಿಗ್ಗೆಯೇ ಸಾಲಿನಲ್ಲಿ ನಿಲ್ಲುವವರನ್ನು ನೋಡಿದ್ದೀರಿ. ಚಿತ್ರ ಮುಂದೆ ಟೆಲಿವಿಷನ್ನಿಗೆ ಬರುತ್ತದೆ ಎಂದು ಅವರಿಗೆ ಗೊತ್ತಿಲ್ಲವೇ? ಗೊತ್ತು. ಅವರು ಹಣ ಕೊಡುವುದು ಆ ದಿನದ ಸಡಗರಕ್ಕೆ. ಅದಕ್ಕೂ ಬೆಲೆಯಿದೆ. 2025ರ ಸೆಪ್ಟೆಂಬರ್ 4ರಂದು ಆಸ್ಟ್ರೇಲಿಯಾದ ಟೀಮ್ ಚೆರ್ರಿ ಎಂಬ ಪುಟ್ಟ ತಂಡದ 'ಹಾಲೊ ನೈಟ್: ಸಿಲ್ಕ್‌ಸಾಂಗ್' ಬಂದಾಗ ಕೊಳ್ಳುವವರ ನೂಕುನುಗ್ಗಲಿಗೆ ಅಂತರ್ಜಾಲ ಮಳಿಗೆಗಳೇ ತಡವರಿಸಿದವು. ಅದರ ಬೆಲೆ 20 ಡಾಲರ್. ಬೆಲೆ ಕಡಿಮೆಯಿದ್ದು ತಂಡದ ಮೇಲೆ ನಂಬಿಕೆಯಿದ್ದರೆ ಜನ ಕಾಯುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಆಟ ಮಾಡುವವರನ್ನೂ ಮರೆಯಬಾರದು. ಅವರು ಎಲ್ಲೋ ದೂರದವರೇ ಆಗಿರಬೇಕಿಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆ ಹೊರದೇಶಗಳ ದೊಡ್ಡ ಆಟಗಳಿಗೆ ಚಿತ್ರಕಲೆಯ ಕೆಲಸ ಮಾಡಿಕೊಡುತ್ತ ಬೆಳೆಯಿತು. 2019ರಲ್ಲಿ ಅದನ್ನು ಗ್ರ್ಯಾಂಡ್ ಥೆಫ್ಟ್ ಆಟೊ ತಯಾರಕರಾದ ರಾಕ್‌ಸ್ಟಾರ್ ಸಂಸ್ಥೆ ಕೊಂಡಿತು. ನೀವು ಆಡುವ ಆಟದ ಒಂದು ಬೀದಿಯನ್ನು ನಿಮ್ಮ ಊರಿನ ಅಕ್ಕನೋ ಅಣ್ಣನೋ ರಚಿಸಿರಬಹುದು. ಪ್ರಾಮಾಣಿಕವಾಗಿ ದುಡಿದ ತಂಡದ ಆಟವನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳುವುದೂ ಒಂದು ಮರ್ಯಾದೆ. ಆದರೆ ಕಾಯಲು ಮನಸ್ಸಿಲ್ಲವೆಂದು ಕಳ್ಳಪ್ರತಿಗೆ ಕೈಹಾಕುವುದು ಸಲ್ಲದು. ಅದರಿಂದ ದುಡಿದವರಿಗೂ ನಷ್ಟ, ಅದರೊಡನೆ ಬರುವ ವೈರಸ್ಸಿನಿಂದ ನಿಮಗೂ ನಷ್ಟ.

ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಹಾಗಾದರೆ ತೀರ್ಮಾನಿಸುವುದು ಹೇಗೆ? ಹಣ ಕೊಡುವ ಮೊದಲು ಈ ಐದು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಉತ್ತರಿಸಿ ನೋಡಿ.

ಒಂದು, ನನ್ನ ಬಳಿ ಇರುವಂಥದ್ದೇ ಯಂತ್ರದಲ್ಲಿ ಈ ಆಟ ಹೇಗೆ ನಡೆಯುತ್ತಿದೆ? ಜಾಹೀರಾತಿನ ಚಿತ್ರ ಇದಕ್ಕೆ ಉತ್ತರವಲ್ಲ.

ಎರಡು, ಇದು ಒಬ್ಬನೇ ಆಡುವ ಆಟವೇ, ಕೂಡಿ ಆಡುವ ಆಟವೇ? ಮೊದಲನೆಯದಾದರೆ ಕಾಯುವುದರಿಂದ ಕಳೆದುಕೊಳ್ಳುವುದು ಕಡಿಮೆ.

ಮೂರು, ಈ ಕಂಪನಿಯ ಹಿಂದಿನ ಆಟಗಳ ಬೆಲೆ ಇಳಿದಿದೆಯೇ? ಎಷ್ಟು ಕಾಲದಲ್ಲಿ?

ನಾಲ್ಕು, ಇಷ್ಟವಾಗದಿದ್ದರೆ ಹಣ ವಾಪಸು ಬರುತ್ತದೆಯೇ? 2015ರಿಂದ ಸ್ಟೀಮ್ ಎಂಬ ಮಳಿಗೆಯಲ್ಲಿ ಒಂದು ನಿಯಮವಿದೆ. ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಹಿಂದಿರುಗಿಸುವಂತೆ ಕೇಳಬಹುದು. ಎಲ್ಲ ಮಳಿಗೆಗಳ ನಿಯಮವೂ ಹೀಗಿಲ್ಲ, ಮೊದಲೇ ಓದಿಕೊಳ್ಳಿ.

ಐದು, ನನಗೆ ಆಡಲು ಸಮಯವಿದೆಯೇ? ಕೊಂಡಿಟ್ಟು ಆಡದೆ ಉಳಿದ ಆಟಗಳ ರಾಶಿ ಎಷ್ಟೋ ಜನರ ಬಳಿಯಿದೆ. ಪರೀಕ್ಷೆ ಎದುರಿಗಿರುವಾಗ ಪೂರ್ತಿ ಬೆಲೆ ಕೊಟ್ಟು ಕೊಂಡು ರಜೆಯಲ್ಲಿ ಆಡುವುದಾದರೆ, ಅದೇ ಆಟವನ್ನು ರಜೆಯಲ್ಲೇ ಕೊಳ್ಳಬಾರದೇಕೆ?

ಈಗ ಆ ದಾವಣಗೆರೆಯ ಹುಡುಗನಿಗೆ ನನ್ನ ಉತ್ತರ. ತಮ್ಮಾ, ನೀನು ಜಿಪುಣನಲ್ಲ. ಎಂಟು ತಿಂಗಳು ಹಣ ಕೂಡಿಟ್ಟವನು ಇನ್ನೆರಡು ತಿಂಗಳು ವಿಚಾರಿಸಿ ನೋಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದ ಮೇಲೂ ಈಗಲೇ ಬೇಕು ಎನಿಸಿದರೆ ಕೊಂಡುಕೋ, ಸಂತೋಷದಿಂದ ಆಡು. ಬೇಡ ಎನಿಸಿದರೆ ಆ ಹಣ ನಿನ್ನ ಬಳಿಯೇ ಇರಲಿ. ಎರಡರಲ್ಲಿ ಯಾವುದಾದರೂ ಸರಿ, ಆದರೆ ಗೆಳೆಯರ ನಗೆಗೆ ಹೆದರಿ ಮಾತ್ರ ಕೊಳ್ಳಬೇಡ. ಆ ನಗೆ ಒಂದು ವಾರ ಇರುತ್ತದೆ, ಹಣ ಹೋದರೆ ಮತ್ತೆ ಎಂಟು ತಿಂಗಳು ಬೇಕು.

ಸ್ಟುಡಿಯೋದಲ್ಲಿ ನಿನ್ನ ಮಾತನ್ನು ಅರ್ಧಕ್ಕೆ ನಿಲ್ಲಿಸಿದ್ದಕ್ಕೆ ಬೇಸರವಿದೆ. ಮುಂದಿನ ಚಿತ್ರೀಕರಣಕ್ಕೆ ಬಂದರೆ ಮುಂದಿನ ಸಾಲಿನಲ್ಲೇ ಕುಳಿತುಕೋ. ಏನು ತೀರ್ಮಾನ ಮಾಡಿದೆ ಎಂದು ಮೊದಲ ಪ್ರಶ್ನೆಯಾಗಿ ನಾವೇ ನಿನ್ನನ್ನು ಕೇಳುತ್ತೇವೆ.